ಕ್ಲಚ್ಚಿಲ್ಲದ ಕಾರು

ನಮ್ಮವರ ಎಡಗಾಲು ಹೋದದ್ದು ತುಮಕೂರು ರಸ್ತೆಯಲ್ಲಿ. ಅವತ್ತು ಫ್ಯಾಕ್ಟರಿ ಬಸ್ಸು ತಪ್ಪಿಹೋಗಿತ್ತು. ಶಿಫ್ಟಿಗೆ ಹೊತ್ತಾಯಿತೆಂದು, ತುಂಬಿಕೊಂಡು ಬಂದ ಇನ್ನೊಂದು ಬಸ್ಸಿನ ಫುಟ್‌ಬೋರ್ಡಿಗೆ ಜೋತುಬಿದ್ದರು. ಒಂದು ಗುಂಡಿಗೆ ಬಸ್ಸು ಎತ್ತಿಹಾಕಿತು, ಕೈ ಜಾರಿತು, ಹಿಂದಿನ ಚಕ್ರ ಕಾಲಿನ ಮೇಲೆ ಹರಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಇಷ್ಟನ್ನು ಒಂದೇ ಒಂದು ಸಲ ನನಗೆ ಹೇಳಿದರು. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮೊಣಕಾಲಿನ ಮೇಲಕ್ಕೇ ಕತ್ತರಿಸಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾವು ದಾಸರಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಪೀಣ್ಯದ ಕಡೆಯಿಂದ ಒಂದೊಂದೇ ತಗಡಿನ ಶೆಡ್ಡುಗಳು ಏಳುತ್ತ ಬರುತ್ತಿದ್ದರೂ ನಮ್ಮ ಮನೆಯ ಹಿಂದೆ ಇನ್ನೂ ರಾಗಿ ಹೊಲವಿತ್ತು. ಮನೆ ಆ ಊರಿನ ಹಳೇ ಗೌಡರದು. ಅವರು ಮುಂದಿನ ದೊಡ್ಡ ಮನೆಯಲ್ಲಿ, ನಾವು ಪಕ್ಕದ ಎರಡು ಕೋಣೆಯಲ್ಲಿ. ನಡುವೆ ಕಲ್ಲು ಚಪ್ಪಡಿ ಹಾಸಿದ ಅಂಗಳ. ಗೌಡರ ಹೆಂಡತಿಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ.

ಇವರು ಕೆಲಸ ಮಾಡುತ್ತಿದ್ದದ್ದು ಯಂತ್ರಗಳನ್ನು ತಯಾರಿಸುವ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ಇನ್ಸ್‌ಪೆಕ್ಷನ್ ವಿಭಾಗದಲ್ಲಿ. ತಯಾರಾಗಿ ಬಂದ ಬಿಡಿಭಾಗಗಳ ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಿ ಪಾಸು ಮಾಡುವ ಕೆಲಸ. ಕಾಲು ಹೋದ ಮೇಲೂ ಕೆಲಸ ಹೋಗಲಿಲ್ಲ. ಕೂತು ಮಾಡುವ ಕೆಲಸವೇ ಆದ್ದರಿಂದ ಕುರ್ಚಿ ಹಾಗೇ ಕಾದಿತ್ತು. ಆ ಕುರ್ಚಿಯವರೆಗೆ ಹೋಗುವುದೇ ಕಷ್ಟವಾಯಿತು. ಮರದ ಕಾಲು ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುವುದನ್ನು ಕಲಿತರು. ಆದರೆ ಬಸ್ಸಿನ ಮೆಟ್ಟಿಲು ಕಂಡರೆ ಅವರ ಕತ್ತು, ಬೆನ್ನು ಎಲ್ಲ ಬೆವರಿನಿಂದ ತೊಯ್ದುಹೋಗುತ್ತಿತ್ತು. ಒಂದು ದಿನ ನಾನೇ ಜೊತೆಗೆ ಹೋಗಿ ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ನಿಂತಿತು, ಕಂಡಕ್ಟರ್ ಕೈಚಾಚಿದ. ಇವರು ಕಂಬ ಹಿಡಿದವರು ಕಂಬ ಬಿಡಲಿಲ್ಲ. ಬಸ್ಸು ಹೋಯಿತು. "ನಡಿ ಮನೆಗೆ" ಅಂದರು. ಅದಾದ ಮೇಲೆ ಆಟೋ ಗೊತ್ತು ಮಾಡಿದೆವು. ಆಟೋದವನು ಬಂದ ದಿನ ಕೆಲಸ, ಬಾರದ ದಿನ ರಜೆ.

ಆಗ ಬಂತು ಕಾರು. ಇವರ ಹಳೇ ಮೇಲಧಿಕಾರಿಯೊಬ್ಬರು ನಿವೃತ್ತರಾಗಿ ಮಲ್ಲೇಶ್ವರದಲ್ಲಿದ್ದರು. ಇವರನ್ನು ನೋಡಲು ಮನೆಗೆ ಬಂದವರು ಕಾಫಿ ಕುಡಿಯುತ್ತ, "ನನ್ನ ಶೆಡ್ಡಿನಲ್ಲಿ ಒಂದು ಅಮೆರಿಕನ್ ಕಾರು ಕೊಳೀತಾ ಬಿದ್ದಿದೆಯಪ್ಪ. ಅದಕ್ಕೆ ಎಡಗಾಲಲ್ಲಿ ತುಳಿಯೋ ಕ್ಲಚ್ಚೇ ಇಲ್ಲ. ಗೇರು ತಾನಾಗೇ ಬೀಳುತ್ತೆ. ಬಲಗಾಲೊಂದಿದ್ದರೆ ಸಾಕು" ಅಂದರು. ಇವರು ಕಾಫಿ ಲೋಟ ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. ಆ ಹಿರಿಯರಿಗೆ ಕಣ್ಣು ಮಂಜಾಗಿತ್ತು, ಓಡಿಸುವಂತಿರಲಿಲ್ಲ. "ನನಗಿಂತ ನಿನಗೆ ಬೇಕು ಅದು, ತಗೊಂಡು ಹೋಗು" ಎಂದು ಕೊಟ್ಟೇಬಿಟ್ಟರು.

ಕೆನೆ ಬಣ್ಣದ ಕಾರು, ನಮ್ಮ ಅಡುಗೆಮನೆಗಿಂತ ಉದ್ದ. ಮುಂದಿನ ಸೀಟು ಸೋಫಾದ ಹಾಗೆ ಒಂದೇ. ಸ್ಟೀರಿಂಗಿನ ಪಕ್ಕ ಒಂದು ಕಡ್ಡಿ, ಕೆಳಗೆ ಎರಡೇ ಪೆಡಲು. ಕೆಲವು ದಿನ ಆ ಹಿರಿಯರ ಹತ್ತಿರವೇ ಕಲಿತು, ಮಲ್ಲೇಶ್ವರದಿಂದ ಮನೆಗೆ ಇವರೇ ಓಡಿಸಿಕೊಂಡು ಬಂದರು, ನಾನು ಪಕ್ಕದಲ್ಲಿ ಕೂತಿದ್ದೆ. ಯಶವಂತಪುರ ದಾಟುವವರೆಗೂ ಉಸಿರೇ ಆಡದವರ ಹಾಗೆ ಕೂತಿದ್ದರು. ಆಮೇಲೆ ನಿಧಾನಕ್ಕೆ ನಗಲು ಶುರುಮಾಡಿದರು. ಏನಾಯಿತು ಎಂದರೆ ಹೇಳಲಿಲ್ಲ, ನಗುತ್ತಲೇ ಇದ್ದರು. ಆ ಅಪಘಾತದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಹೆಚ್ಚುಕಡಿಮೆ ಎರಡು ವರ್ಷ ಚೆನ್ನಾಗಿತ್ತು. ಬೆಳಿಗ್ಗೆ ತಾವೇ ಡ್ಯೂಟಿಗೆ ಹೋಗುತ್ತಿದ್ದರು, ಸಂಜೆ ತಾವೇ ಬರುತ್ತಿದ್ದರು. ಭಾನುವಾರ ಹೆಸರಘಟ್ಟದ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ, ಒಳಗೇ ಕೂತು ಚಿತ್ರಾನ್ನ ತಿಂದು ಬರುತ್ತಿದ್ದೆವು. ಒಮ್ಮೆ ದೊಡ್ಡಮ್ಮನನ್ನೂ ಗೌಡರನ್ನೂ ಹಿಂದೆ ಕೂರಿಸಿಕೊಂಡು ಶಿವಗಂಗೆಯ ಬುಡದವರೆಗೆ ಹೋಗಿಬಂದೆವು. ಬೆಟ್ಟ ಹತ್ತುವುದಕ್ಕೆ ಆಗದಿದ್ದರೂ ಇವರಿಗೆ ಬೇಸರವಿರಲಿಲ್ಲ. ಕಾರಿನೊಳಗೆ ಕೂತ ಮನುಷ್ಯನಿಗೆ ಎಷ್ಟು ಕಾಲಿದೆ ಅಂತ ಯಾರಿಗೂ ಕಾಣುವುದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಸ್ಟೀರಿಂಗ್ ಹಿಡಿದು ಕೂತಾಗ ಅವರ ಭುಜ ನಿಲ್ಲುತ್ತಿದ್ದ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ಮೊದಲು ಕಂಡವರು ದೊಡ್ಡಮ್ಮ. ಬೆಳಿಗ್ಗೆ ಅಂಗಳ ಗುಡಿಸಲು ಬಂದವರು, "ಇದೇನವ್ವಾ ಇದು, ನಿಮ್ ಕಾರಿನ್ ಕೆಳಗೆ ಕುಂಕುಮದ್ ನೀರು ಚೆಲ್ದಂಗೈತೆ!" ಎಂದು ಕೂಗಿದರು. ಚಪ್ಪಡಿಯ ಮೇಲೆ ಅಂಗೈಯಗಲ ಕೆಂಪು ಎಣ್ಣೆ ಬಿದ್ದಿತ್ತು. ಇವರು ಊರುಗೋಲಿನ ತುದಿಯನ್ನು ಅದಕ್ಕೆ ಅದ್ದಿ ನೋಡಿದರು. "ಗೇರ್‌ಬಾಕ್ಸ್ ಎಣ್ಣೆ" ಅಂದರು.

ಆ ಗೇರ್‌ಬಾಕ್ಸಿನ ತಳಕ್ಕೆ ಒಂದು ತಗಡಿನ ತಟ್ಟೆ ಇರುತ್ತದೆ, ಬೇಕರಿಯವರು ಬನ್ನು ಬೇಯಿಸುವ ತಟ್ಟೆಯ ಹಾಗೆ. ಪ್ಯಾನು ಎನ್ನುತ್ತಾರೆ. ಎಣ್ಣೆ ಅದರಲ್ಲಿ ನಿಲ್ಲುತ್ತದೆ. ಸುತ್ತಲೂ ಬೋಲ್ಟ್ ಬಿಗಿದು, ಮಧ್ಯೆ ಕಾರ್ಕಿನ ಪ್ಯಾಕಿಂಗ್ ಕೂರಿಸಿರುತ್ತಾರೆ. ಆ ಕಾರ್ಕು ವಯಸ್ಸಾಗಿ ಒಣಗಿ ಸೀಳಿತ್ತು. ಸೋರಿದಷ್ಟು ಎಣ್ಣೆಯನ್ನು ಮೇಲಿನಿಂದ ತುಂಬುತ್ತ ಬಂದೆವು. ಕಲಾಸಿಪಾಳ್ಯದ ಒಂದೇ ಅಂಗಡಿಯಲ್ಲಿ ಅದು ಸಿಗುತ್ತಿದ್ದದ್ದು, ಅದೂ ಸಿಕ್ಕರೆ ಸಿಕ್ಕಿತು. ಸಿಗದ ವಾರ ಎಣ್ಣೆ ತಗ್ಗಿ, ಕಾರು ಏರು ಹತ್ತುವಾಗ ಇಂಜಿನ್ ಸುಮ್ಮನೆ ಅರಚುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗಲು ಮನಸ್ಸಿಲ್ಲದ ಹಾಗೆ ತಡೆಯುತ್ತಿತ್ತು. ಕುಂಕುಮದ ಬಣ್ಣದ ಎಣ್ಣೆ ಬರಬರುತ್ತ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಇವರು ಅದನ್ನು ಗಮನಿಸಿದ್ದರು ಅಂತ ಈಗ ನನಗನ್ನಿಸುತ್ತದೆ.

ಯಶವಂತಪುರದ ಗ್ಯಾರೇಜಿಗೆ ತೋರಿಸಿದೆವು. ಆ ಮೆಕ್ಯಾನಿಕ್ಕು ಕೆಳಗೆ ಬಗ್ಗಿ ನೋಡಿ, "ಇಂಥಾ ಗೇರ್‌ಬಾಕ್ಸ್ ನಾವು ಬಿಚ್ಚಲ್ಲ ಸಾರ್, ಒಳಗೆ ಏನಿರುತ್ತೋ ದೇವ್ರಿಗೇ ಗೊತ್ತು. ಬೋಲ್ಟ್ ಬೇಕಾದ್ರೆ ಟೈಟ್ ಮಾಡ್ಕೊಡ್ತೀನಿ" ಅಂದ. ಉದ್ದನೆಯ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಯೆಲ್ಲ ಭಾರ ಹಾಕಿ ತಿರುಗಿಸಿದ. ಮನೆಗೆ ಬರುವಷ್ಟರಲ್ಲಿ ಸೋರುವುದು ಎರಡರಷ್ಟಾಗಿತ್ತು.

"ಅಂಚು ಬಗ್ಗಿಸಿಬಿಟ್ಟಿದಾನೆ" ಅಂದರು ಇವರು. "ತೆಳು ತಗಡು ಅದು. ಬೋಲ್ಟ್ ಇರೋ ಕಡೆ ಒತ್ತಿಕೊಳ್ಳುತ್ತೆ, ಎರಡು ಬೋಲ್ಟಿನ ನಡುವೆ ಬಾಯಿ ಬಿಡುತ್ತೆ. ಇನ್ನು ಯಾರ ಕೈಗೂ ಕೊಡಲ್ಲ. ನಾವೇ ಬಿಚ್ಚೋಣ."

ದೊಡ್ಡಮ್ಮನಿಗೂ ಬೇಸರ ಶುರುವಾಗಿತ್ತು. ಹುರುಳಿ, ರಾಗಿ ಒಣಹಾಕುವ ಅಂಗಳ ಅದು. ಎಷ್ಟು ಸಗಣಿ ಸಾರಿಸಿದರೂ ಎಣ್ಣೆಯ ಕಲೆ ಮೇಲೆದ್ದು ಬರುತ್ತಿತ್ತು. "ಬ್ಯಾಸರ ಮಾಡ್ಕಬ್ಯಾಡ ಕಣವ್ವ, ಆದ್ರೆ ಇಂಗೇ ಆದ್ರೆ ನಾವು ಕಾಳು ಎಲ್ಲಿ ಹರವಾನ?" ಎಂದು ನನ್ನ ಹತ್ತಿರ ಹೇಳಿದರು. ಇವರ ಮುಂದೆ ಒಂದು ಮಾತೂ ಆಡಲಿಲ್ಲ. ಅವರಿಗೆ ಇವರ ಮೇಲೆ ಅಷ್ಟು ಕನಿಕರ. ಆ ಕನಿಕರವನ್ನು ಕಂಡರೇ ಇವರಿಗೆ ಆಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೆಲಸ ಹಿಡಿದೆವು. ಜಾಕಿ ಕೊಟ್ಟು ಕಾರನ್ನೆತ್ತಿ, ಗೌಡರು ತಮ್ಮ ಹಿತ್ತಲಿನಿಂದ ಉರುಳಿಸಿ ತಂದ ಕಲ್ಲುಗಳನ್ನು ಚಕ್ರದಡಿ ಕೊಟ್ಟೆವು. ಗೌಡರು ಹೊಲಕ್ಕೆ ಹೋದರು. ಇವರು ಮರದ ಕಾಲು ಬಿಚ್ಚಿ ಜಗಲಿಯ ಮೇಲಿಟ್ಟು, ಗೋಣಿಚೀಲದ ಮೇಲೆ ಅಂಗಾತ ಮಲಗಿ, ಕೈಯಲ್ಲಿ ನೆಲ ತಳ್ಳುತ್ತ ತಳ್ಳುತ್ತ ಕಾರಿನ ಅಡಿಗೆ ಹೋದರು. ಒಳಗಿನಿಂದ ಸ್ಪ್ಯಾನರಿನ ಸದ್ದು ಒಂದೆರಡು ಸಲ ಕೇಳಿಸಿತು. ಆಮೇಲೆ ಏನೂ ಇಲ್ಲ.

"ರೀ?" ಅಂದೆ.

"ಏನಿಲ್ಲ. ಇರು."

ಇನ್ನೂ ಸ್ವಲ್ಪ ಹೊತ್ತಾಯಿತು. ಗೋಣಿಚೀಲ ಅಲುಗಾಡಿತು, ನಿಂತಿತು. ಅಲುಗಾಡಿತು, ನಿಂತಿತು. ಬಗ್ಗಿ ನೋಡಿದೆ. ಒಳಕ್ಕೆ ಹೋಗುವಾಗ ಕೈಯಲ್ಲಿ ತಳ್ಳಿಕೊಂಡು ಹೋಗಿದ್ದರು. ಹೊರಕ್ಕೆ ಬರಲು ಹಿಮ್ಮಡಿ ಊರಬೇಕು. ಒಂದೇ ಹಿಮ್ಮಡಿ ಊರಿದರೆ ಮೈ ಅಡ್ಡಕ್ಕೆ ತಿರುಗಿ ಭುಜ ಹೋಗಿ ಕಾರಿನ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಕೆನ್ನೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಮಡಿಸುವಷ್ಟೂ ಜಾಗವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮಲಗಿದ್ದರು.

"ದೊಡ್ಡಮ್ಮನ್ನ ಕರೀಲಾ?" ಅಂದೆ.

"ಬೇಡ. ಯಾರನ್ನೂ ಕರೀಬೇಡ."

ನಾನೊಬ್ಬಳೇ ಗೋಣಿಚೀಲದ ತುದಿ ಹಿಡಿದು ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಕೊನೆಗೆ ದೊಡ್ಡಮ್ಮ ತಾವಾಗೇ ಬಂದು, ಚೀಲದ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಹೊರಕ್ಕೆ ಎಳೆದೆವು. ದೊಡ್ಡಮ್ಮ ಸೆರಗಿನಿಂದ ಅವರ ಮುಖ ಒರೆಸಲು ಹೋದಾಗ ಇವರು ಕೈ ಅಡ್ಡ ಹಿಡಿದರು. ಎದ್ದು ಕೂತು, ಗೋಡೆಗೆ ಒರಗಿ, ಕಾರನ್ನು ನೋಡಿದರು.

"ನಾನು ಹೋಗ್ತೀನಿ" ಅಂದೆ. "ನೀವು ಹೇಳ್ತಾ ಹೋಗಿ, ನಾನು ಬಿಚ್ಚುತ್ತೀನಿ."

ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ.

ಒಳಗೆ ಹೋಗಿ ಸೀರೆ ಬಿಚ್ಚಿ, ಅವರ ಹಳೇ ಫ್ಯಾಕ್ಟರಿ ಪ್ಯಾಂಟು, ಶರಟು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ ಬಂದೆ. ದೊಡ್ಡಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು, "ಇದೇನವ್ವಾ ಇಂಗೆ ಗಂಡಸ್ರಂಗೆ!" ಅಂದರು. ಬೇರೆ ದಿನವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವೇನೋ.

ಕಾರಿನ ಕೆಳಗೆ ಬಿಸಿಲಿರಲಿಲ್ಲ, ಗಾಳಿಯೂ ಇರಲಿಲ್ಲ. ಮೂಗಿನಿಂದ ಗೇಣುದ್ದದಲ್ಲಿ ಕಪ್ಪಗೆ ಜಿಡ್ಡು ಹಿಡಿದ ಕಬ್ಬಿಣ. ಇವರು ಹೊರಗೆ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು: ಹಿಂದಿನ ಕಡೆಯ ಬೋಲ್ಟುಗಳನ್ನು ಮೊದಲು ಸಡಿಲ ಮಾಡು, ಪೂರ್ತಿ ತೆಗೀಬೇಡ, ತಟ್ಟೆ ಒಂದು ಕಡೆಗೆ ವಾಲಲಿ, ಎಣ್ಣೆ ಅಲ್ಲಿಂದ ಇಳಿಯುತ್ತೆ, ಬೋಗುಣಿ ಅಲ್ಲಿಡು. ಹೇಳಿದ ಹಾಗೇ ಮಾಡಿದೆ. ಮೊದಲು ಸಣ್ಣಗೆ ಇಳಿದ ಎಣ್ಣೆ, ಪ್ಯಾಕಿಂಗ್ ಕಿತ್ತುಬಂದ ಕೂಡಲೇ ಒಂದೇ ಸಲಕ್ಕೆ ಸುರಿಯಿತು. ಅರ್ಧ ಬೋಗುಣಿಗೆ ಬಿದ್ದರೆ ಇನ್ನರ್ಧ ನನ್ನ ತೋಳಿನ ಮೇಲೆ, ಕುತ್ತಿಗೆಗೆ, ಟವೆಲ್ಲಿನೊಳಗೆ. ಸೀದ ಒಗ್ಗರಣೆಯಂಥ ವಾಸನೆ.

"ಏನು ವಾಸನೆ ಬರ್ತಿದೆ?" ಹೊರಗಿನಿಂದ ಕೇಳಿದರು.

"ಸೀದ ವಾಸನೆ."

"ತಟ್ಟೆ ಹೊರಗೆ ತಗೊಂಡು ಬಾ" ಅಂದರು.

ಪ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯ ಮೇಲಿಟ್ಟುಕೊಂಡು, ತೆವಳಿ ಹೊರಗೆ ಬಂದೆ. ಅವರ ಮುಂದಿಟ್ಟೆ. ತಳದಲ್ಲಿ ಕಾಡಿಗೆಯ ಹಾಗೆ ಕಪ್ಪನೆಯ ಕೆಸರು ಕೂತಿತ್ತು. ಅದರ ನಡುವೆ ಬಿಸಿಲಿಗೆ ಏನೋ ಮಿನುಗುತ್ತಿತ್ತು. ಹಬ್ಬದ ಸೀರೆಯ ಜರಿ ಉದುರಿದ ಹಾಗೆ. ನಾನು ಅದನ್ನು ಕಸ ಎಂದುಕೊಂಡು ಒರೆಸಲು ಬಟ್ಟೆ ತೆಗೆದುಕೊಂಡೆ.

"ತಡಿ."

ಅವರು ಎರಡು ಬೆರಳಿನಲ್ಲಿ ಆ ಕೆಸರು ತೆಗೆದು ತಿಕ್ಕಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಬೆರಳನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಹೀಗೇ ನೋಡುತ್ತಿದ್ದಿರಬೇಕು.

"ಮುಗೀತು ಕಣೇ" ಅಂದರು.

"ಏನು ಮುಗೀತು? ಪ್ಯಾಕಿಂಗ್ ಹಾಕಿದ್ರೆ ಸೋರೋದು ನಿಲ್ಲುತ್ತೆ ಅಂದ್ರಲ್ಲ?"

"ಸೋರೋದು ನಿಲ್ಲುತ್ತೆ. ಒಳಗೇ ಸವೆದುಹೋಗಿದೆ. ಇದೆಲ್ಲ ಅದರ ಮಾಂಸ. ಎಣ್ಣೆ ತಗ್ಗಿದಾಗಲೆಲ್ಲ ನಾವು ಓಡಿಸಿದೆವಲ್ಲ, ಆಗ ಸುಟ್ಟಿದೆ."

"ರಿಪೇರಿ ಆಗಲ್ವಾ?"

"ಇಲ್ಲಿ ಯಾರು ಮಾಡ್ತಾರೆ?"

"ಹಾಗಾದ್ರೆ ಬಿಟ್ಟುಬಿಡೋಣವಾ?" ಅಂದೆ. ಅವರು ತಲೆ ಎತ್ತಿ ಕಾರನ್ನು ನೋಡಿದರು. ಕಲ್ಲಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. "ಬಿಚ್ಚಿದ್ದನ್ನ ಮುಚ್ಚದೆ ಹೇಗೆ ಬಿಡೋದು? ಸುತ್ತಿಗೆ ಕೊಡು" ಅಂದರು.

ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು, ಪ್ಯಾನನ್ನು ಬೋರಲು ಹಾಕಿ, ಬಗ್ಗಿದ ಅಂಚನ್ನು ಸಣ್ಣ ಸುತ್ತಿಗೆಯಿಂದ ತಟ್ಟತೊಡಗಿದರು. ತಟ್ಟುವುದು, ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಹಿಡಿಯುವುದು, ಅಡಿಯಲ್ಲಿ ಬೆಳಕು ತೂರುತ್ತದೆಯೇ ನೋಡುವುದು, ಮತ್ತೆ ತಟ್ಟುವುದು. ಊಟಕ್ಕೆ ಕರೆದೆ, ಬರಲಿಲ್ಲ. ಇನ್ನು ಸ್ವಲ್ಪ ದಿನವಷ್ಟೇ ಓಡುವ ಕಾರಿಗೆ ಇಷ್ಟು ನಾಜೂಕು ಯಾಕೆ ಅಂತ ನನಗೆ ಸಂಕಟವಾಯಿತು. ಆದರೆ ಕೇಳುವ ಧೈರ್ಯ ಬರಲಿಲ್ಲ. ಮೊದಲೇ ತಂದಿಟ್ಟಿದ್ದ ಕಾರ್ಕಿನ ಹಾಳೆಯನ್ನು ಪ್ಯಾನಿನ ಮೇಲೆ ಹರಡಿ, ಅಂಚಿನುದ್ದಕ್ಕೂ ಮೆಲ್ಲಗೆ ಕುಟ್ಟಿ ಗುರುತು ಮೂಡಿಸಿಕೊಂಡು, ನನ್ನ ಹೊಲಿಗೆಯ ಕತ್ತರಿಯಲ್ಲಿ ಹೊಸ ಪ್ಯಾಕಿಂಗ್ ಕತ್ತರಿಸಿದರು. ಎಷ್ಟು ಚೆನ್ನಾಗಿ ಕೂತಿತೆಂದರೆ ಅಂಗಡಿಯದೇ ಇರಬೇಕು ಅನ್ನಬೇಕು.

ಮತ್ತೆ ನಾನು ಕೆಳಗೆ ಹೋದೆ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಕೂರಿಸಿದೆ. ಆಮೇಲೆ ಅವರು ಹೇಳಿದ ಹಾಗೆ, ಇಲ್ಲೊಂದು ತಿರುಗಿಸಿದರೆ ಅದರ ಎದುರಿನದೊಂದು, ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಬಂದೆ. ತೋಳು ಸೋತಿತ್ತು. ಕಣ್ಣಿಗೆ ಬಿದ್ದ ಎಣ್ಣೆ ಉರಿಯುತ್ತಿತ್ತು. ಮತ್ತೆ ಸೋರಿದರೆ ಗತಿಯೇನು ಎಂಬ ಭಯಕ್ಕೆ, ಅವರು ಸಾಕು ಅಂದಮೇಲೂ ಒಂದು ಬೋಲ್ಟನ್ನು ಇನ್ನಷ್ಟು ಬಿಗಿದೆ. ಸ್ಪ್ಯಾನರ್ ಕಿರ್ರೆಂದಿತು.

"ಸಾಕು ಅಂದ್ನಲ್ಲ!" ಹೊರಗಿನಿಂದ ಕಿರುಚಿದರು. "ಆ ಗ್ಯಾರೇಜಿನವನು ಮಾಡಿದ್ದನ್ನೇ ನೀನೂ ಮಾಡ್ತೀಯಾ? ಕಿವಿ ಕೇಳಿಸಲ್ವಾ ನಿನಗೆ? ಇಷ್ಟು ಹೊತ್ತು ತಟ್ಟಿದ್ದೆಲ್ಲ ಹಾಳು ಮಾಡ್ತೀಯ!"

"ಹಾಗಾದ್ರೆ ನೀವೇ ಬಂದು ಮಾಡಿ!" ಎಂದು ನಾನೂ ಕಿರುಚಿದೆ.

ಮಾತು ಹೊರಗೆ ಹೋಗಿಯಾಗಿತ್ತು. ನಾನು ಮಲಗಿದ್ದಲ್ಲಿಂದ ಅವರ ಒಂದು ಪಾದ, ಪಕ್ಕದಲ್ಲಿ ಊರುಗೋಲಿನ ರಬ್ಬರು ತುದಿ ಕಾಣುತ್ತಿತ್ತು. ಪಾದ ಅಲುಗಲಿಲ್ಲ. ಕಾರಿನ ಹೊಟ್ಟೆಯ ಕೆಳಗೆ ಮಲಗಿ ನಾನು ಸದ್ದಿಲ್ಲದೆ ಅತ್ತೆ. ಅತ್ತರೆ ಕಣ್ಣಿನ ಎಣ್ಣೆ ಹೋಗುತ್ತದೆ ಅಂದುಕೊಂಡು ಅತ್ತೆ. ಆಮೇಲೆ ಅವರು, ಆಗಿನ ದನಿಯಲ್ಲಲ್ಲ, ಬೇರೆ ಯಾರೋ ಮಾತಾಡಿದ ಹಾಗೆ, "ಹೂಂ. ಕೊನೇದನ್ನ ಅರ್ಧ ಸುತ್ತು ಹಿಂದಕ್ಕೆ ಬಿಡು. ಅಷ್ಟೇ. ಹೊರಗೆ ಬಾ" ಅಂದರು.

ಹೊಸ ಎಣ್ಣೆ ಹಾಕಿ, ಕಾರಿನಡಿಗೆ ಹಳೇ ಪೇಪರು ಹಾಸಿದೆವು. ಬೆಳಿಗ್ಗೆ ನಾನು ಹಾಲಿಗೆ ಹೊರಡುವ ಮೊದಲೇ ಅವರು ಎದ್ದು ಅಂಗಳದಲ್ಲಿ ನಿಂತಿದ್ದರು. ಪೇಪರಿನ ಮೇಲೆ ಒಂದು ತೊಟ್ಟೂ ಇರಲಿಲ್ಲ. "ನೋಡು" ಅಂದರು. ನಾನು ನೋಡಿದೆ. ದೊಡ್ಡಮ್ಮನನ್ನೂ ಕರೆದು ತೋರಿಸಿದರು. ದೊಡ್ಡಮ್ಮ, "ಇನ್ನೇನು ಬುಡಪ್ಪ, ಸರಿಯಾಯ್ತಲ್ಲ" ಎಂದು ಸಂತೋಷಪಟ್ಟರು. ನಾವಿಬ್ಬರೂ ತಲೆಯಾಡಿಸಿದೆವು.

ಸೋರುವುದು ನಿಂತು ಕೆಲವು ವಾರ ಕಾರು ಓಡಿತು. ಪ್ರತಿದಿನ ಅವರು ಹೊರಟ ಮೇಲೆ ಆ ಸದ್ದು ರಸ್ತೆ ತಿರುಗುವವರೆಗೂ ಕಿವಿಗೊಟ್ಟು ನಿಲ್ಲುತ್ತಿದ್ದೆ. ಇಂಜಿನ್ನು ಅರಚುವುದು ಹೆಚ್ಚುತ್ತಲೇ ಇತ್ತು. ನಿಂತ ಕಾರು ಹೊರಡುವುದಕ್ಕೆ ಎಣಿಸಿ ಎಣಿಸಿ ಹೊತ್ತು ತೆಗೆದುಕೊಳ್ಳುತ್ತಿತ್ತು. ಅವರು ರಸ್ತೆಯಲ್ಲಿ ಎಲ್ಲೂ ನಿಲ್ಲಿಸದ ಹಾಗೆ, ಏರು ಸಿಗದ ಹಾಗೆ ದಾರಿ ಬದಲಿಸಿಕೊಂಡಿದ್ದರು. ಭಾನುವಾರ ಎಲ್ಲಿಗೂ ಹೋಗುವುದು ಬೇಡ ಎಂದರು. ಇರುವಷ್ಟು ಓಟವನ್ನು ಡ್ಯೂಟಿಗೇ ಇಟ್ಟುಕೊಂಡರು.

ಅದು ಪೂರ್ತಿ ನಿಂತದ್ದು ಗೊರಗುಂಟೆಪಾಳ್ಯದ ಹತ್ತಿರ. ಆಸ್ಪತ್ರೆಯಲ್ಲಿ ಮರದ ಕಾಲಿನ ಪಟ್ಟಿ ಸರಿಮಾಡಿಸಿಕೊಂಡು ಇಬ್ಬರೂ ವಾಪಸು ಬರುತ್ತಿದ್ದೆವು. ಮುಂದೆ ಒಂದು ಲಾರಿ ನಿಂತಿತೆಂದು ಇವರೂ ನಿಲ್ಲಿಸಿದರು. ಲಾರಿ ಹೊರಟಿತು. ಇವರು ಪೆಡಲು ಒತ್ತಿದರು. ಇಂಜಿನ್ನು ಬೊಬ್ಬೆ ಹೊಡೆಯಿತು, ಕಾರು ಕದಲಲಿಲ್ಲ. ಕಡ್ಡಿಯನ್ನು ಮೇಲೆ ಕೆಳಗೆ ಮಾಡಿದರು. ಇನ್ನೂ ಒತ್ತಿದರು. ಬಾನೆಟ್ಟು ನಡುಗಿತು, ಚಕ್ರ ಮಾತ್ರ ನೆಲಕ್ಕೆ ಅಂಟಿದ ಹಾಗಿತ್ತು. ಹಿಂದಿನಿಂದ ಹಾರನ್ನುಗಳು ಶುರುವಾದವು. ಪಕ್ಕದ ಟೀ ಅಂಗಡಿಯಿಂದ ನಾಲ್ಕಾರು ಜನ ಓಡಿಬಂದರು.

"ಸಾರ್, ಇಳ್ಕೊಳ್ಳಿ ಸಾರ್, ಸೈಡಿಗೆ ತಳ್ಳಿಬಿಡೋಣ. ಗಾಡಿ ಭಾರ ಇದೆ" ಅಂದನೊಬ್ಬ. ಕಿಟಕಿಯೊಳಗೆ ಬಗ್ಗಿದವನಿಗೆ ಊರುಗೋಲು ಕಂಡಿತು. ದನಿ ತಗ್ಗಿಸಿ, "ಪರವಾಗಿಲ್ಲ ಸಾರ್, ನೀವು ಕೂತಿರಿ" ಅಂದ.

ಅವರು ಕೂರಲಿಲ್ಲ. ಬಾಗಿಲು ತೆಗೆದು, ಊರುಗೋಲು ಊರಿ, ಹಾದು ಹೋಗುವ ಲಾರಿಗಳ ಗಾಳಿಗೆ ಪ್ಯಾಂಟಿನ ಕಾಲು ಪಟಪಟ ಬಡಿಯುತ್ತಿದ್ದ ಹಾಗೇ ಇಳಿದು ನಿಂತರು. ಸ್ಟೀರಿಂಗ್ ಹಿಡಿಯುವವರಿಲ್ಲದೆ, ನಾನೂ ಇಳಿದು ಬಂದು ಕಿಟಕಿಯಿಂದ ಕೈ ಹಾಕಿ ತಿರುಗಿಸಿದೆ. ಜನ ತಳ್ಳಿದರು. ಆಮೇಲೆ ಒಬ್ಬ ಟೆಂಪೋದವನು ಹಗ್ಗ ಕಟ್ಟಿ ದಾಸರಹಳ್ಳಿಯವರೆಗೆ ಎಳೆದುಕೊಂಡು ಬಂದ. ಅಂಗಳದಲ್ಲಿ ಕಾರು ನಿಂತ ಮೇಲೆ ಇವರು ಬಗ್ಗಿ ಅದರ ಕೆಳಗೆ ನೋಡಿದರು. ನೆಲ ಒಣಗಿಯೇ ಇತ್ತು.

ನಾನು ಸುಮ್ಮನೆ ಕೂರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಅಂಥದೇ ಇನ್ನೊಂದು ಗೇರ್‌ಬಾಕ್ಸ್ ಸಿಗುತ್ತದೆಯೇ ಎಂದು ಹುಡುಕಿದೆ. ಹೆಂಗಸೊಬ್ಬಳು ಗೇರ್‌ಬಾಕ್ಸ್ ಕೇಳಿಕೊಂಡು ಬಂದಳೆಂದು ಕೆಲವರು ನಕ್ಕರು, ಕೆಲವರು ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿದರು. ಕೊನೆಗೆ ಒಬ್ಬ ಅಂಗಡಿಯ ಮುದುಕ, "ಅದು ಸಿಗೋ ಮಾತೇ ಇಲ್ಲಮ್ಮ. ಆ ಗೇರ್‌ಬಾಕ್ಸ್ ಎತ್ತಿ ಬಿಸಾಕಿ, ಸಾದಾದು ಹಾಕಿಸಿಬಿಡಿ. ಈ ಊರಲ್ಲಿ ಆ ಕಾರುಗಳವರೆಲ್ಲ ಹಾಗೇ ಮಾಡ್ಸಿರೋದು. ಲಾರಿ ಗೇರ್ ಥರ ಗಟ್ಟಿಮುಟ್ಟಾಗಿರುತ್ತೆ" ಅಂದ.

ಮನೆಗೆ ಬಂದು ಅದನ್ನೇ ಇವರಿಗೆ ಹೇಳಿದೆ. ಹೇಳುವಾಗ ನನಗೆ ಹೊಳೆಯಲೇ ಇಲ್ಲ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಸಾದಾ ಗೇರಿಗೆ ಕ್ಲಚ್ ಬೇಕಲ್ಲ. ಯಾರು ತುಳೀತಾರೆ, ನೀನಾ?" ಅಂದರು. ನಗುತ್ತಲೇ ಅಂದರು. ಆ ನಗು ನೋಡುವುದಕ್ಕಾಗದೆ ನಾನು ಒಲೆಯ ಮುಂದೆ ಹೋಗಿ ಕೂತೆ.

ಆಟೋದವನು ಊರು ಬಿಟ್ಟು ಹೋಗಿದ್ದ. ಕಾರ್ಖಾನೆಯ ಗೆಳೆಯರು, ತಾವು ಕೈಹಿಡಿದು ಹತ್ತಿಸಿಕೊಳ್ಳುತ್ತೇವೆಂದು ಬಲವಂತ ಮಾಡಿದ ಮೇಲೆ ಫ್ಯಾಕ್ಟರಿ ಬಸ್ಸಿಗೆ ಒಪ್ಪಿದರು. ಮೊದಲ ದಿನ ನಾನೂ ಸ್ಟಾಪಿನವರೆಗೆ ಹೋಗಿದ್ದೆ. ಇಬ್ಬರು ಕಂಕುಳಿಗೆ ಕೈಕೊಟ್ಟು ಅಕ್ಕಿ ಮೂಟೆಯ ಹಾಗೆ ಎತ್ತಿ ಒಳಕ್ಕೆ ಹಾಕಿಕೊಂಡರು. ಅವರು ಒಳ್ಳೆಯವರು, ನಗುತ್ತ, ತಮಾಷೆ ಮಾಡುತ್ತಲೇ ಎತ್ತಿದರು. ಇವರೂ ನಗಲು ನೋಡಿದರು. ಬಸ್ಸು ಹೊರಟಾಗ ಕಿಟಕಿಯಲ್ಲಿ ಅವರ ಮುಖ ಬೂದಿಯ ಹಾಗಿತ್ತು. ಕೆಲವು ತಿಂಗಳು ಹಾಗೇ ಹೋದರು. ದಿನ ಬೆಳಗಾದರೆ ತಿಂಡಿ ವಾಂತಿಯಾಗುತ್ತಿತ್ತು. ಡಾಕ್ಟರು ಹೊಟ್ಟೆಗೆ ಔಷಧಿ ಕೊಟ್ಟರು. ಒಂದು ಬೆಳಿಗ್ಗೆ ಮರದ ಕಾಲು ಕಟ್ಟಿಕೊಳ್ಳುತ್ತ ಕೂತವರು, ಅರ್ಧ ಕಟ್ಟಿದ ಪಟ್ಟಿಯನ್ನು ಹಾಗೇ ಬಿಚ್ಚಿಬಿಟ್ಟು, "ನನ್ನ ಕೈಲಾಗಲ್ಲ" ಅಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಬಸ್ಸು ಬಂದು, ಸ್ಟಾಪಿನಲ್ಲಿ ಹಾರನ್ ಮಾಡಿ, ಕಾದು, ಹೋದ ಸದ್ದು ಇಬ್ಬರಿಗೂ ಕೇಳಿಸಿತು. ಅವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ರಾಜೀನಾಮೆ ಕಳಿಸಿದರು.

ಪೀಣ್ಯದಲ್ಲಿ ಬಲ್ಬುಗಳನ್ನು ಡಬ್ಬಿಗೆ ತುಂಬುವ ಒಂದು ಶೆಡ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ಇವರು ಮನೆಯಲ್ಲಿರುತ್ತಿದ್ದರು. ಮೊದಮೊದಲು ಮಧ್ಯಾಹ್ನ ಕಾರಿನೊಳಗೆ ಹೋಗಿ ಕೂರುತ್ತಾರೆಂದು ದೊಡ್ಡಮ್ಮ ಹೇಳುತ್ತಿದ್ದರು. "ಸುಮ್ಕೆ ಕುಂತಿರ್ತಾನೆ ಕಣವ್ವ, ಕೈ ಮಾತ್ರ ಆ ಚಕ್ರದ ಮ್ಯಾಲೆ ಇಟ್ಕಂಡು." ಆಮೇಲಾಮೇಲೆ ಅದೂ ನಿಂತಿತು. ಗೌಡರು ಹೊಲ ಮಾರಿ, ಅಂಗಳದಲ್ಲಿ ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆಂದು ಸಾಲು ಕೋಣೆ ಕಟ್ಟಿಸುವ ಯೋಚನೆ ಮಾಡಿದಾಗ, ಕಾರನ್ನು ಎತ್ತಲೇಬೇಕಾಯಿತು. ಗುಜರಿಯವರು ಬಂದು, ತುಂಡುಮಾಡಿ ಒಯ್ಯುವುದೇ ಸುಲಭ ಎಂದು ಅಂಗಳದಲ್ಲೇ ಕಡಿದರು. ಇವರು ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಅದಾಗಿ ವರ್ಷವೇ ಕಳೆದಿತ್ತು. ಒಂದು ಭಾನುವಾರ ಕಾರ್ಖಾನೆಯ ಗೆಳೆಯರು ಮೂವರು ಬಂದರು. ತಾವೇ ಟೂಲ್‌ರೂಮಿನಲ್ಲಿ ಬಿಡುವಿನ ವೇಳೆಯಲ್ಲಿ ಕೂತು, ಒಂದು ಹಳೇ ಸ್ಕೂಟರಿನ ಹಿಂದೆ ಎರಡು ಚಕ್ರ ಜೋಡಿಸಿ ಮಾಡಿದ ಗಾಡಿಯನ್ನು ತಂದಿದ್ದರು. ಗೇರು ಕೈಯಲ್ಲಿ, ಕ್ಲಚ್ಚು ಕೈಯಲ್ಲಿ, ಬ್ರೇಕಿಗೆ ಬಲಗಾಲು. ಬೀಳುವ ಭಯವೂ ಇಲ್ಲ. ಎಷ್ಟು ಸರಳ! ಇದು ಇಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲ ಅಂತ ನನಗೆ ಎದೆ ಒಡೆದುಹೋಯಿತು. "ಅಣ್ಣಾ, ಒಂದು ರೌಂಡು ಹೊಡ್ಕೊಂಡು ಬಾ" ಎಂದು ಅವರಲ್ಲೊಬ್ಬ ಇವರ ಮುಂದೆ ಕೀ ಹಿಡಿದ.

ಇವರು ಜಗಲಿಯಲ್ಲಿ ಕೂತಿದ್ದರು. ಸ್ಕೂಟರನ್ನು ನೋಡಿದರು. ಬೆಸುಗೆ ಹಾಕಿದ ಕಡೆ ಕಣ್ಣು ಒಂದು ಗಳಿಗೆ ನಿಂತಿತು. ಕೆಲಸ ಚೆನ್ನಾಗಿದೆ ಅಂತ ಅವರಿಗೆ ಗೊತ್ತಾಯಿತು, ನನಗೂ ಗೊತ್ತಾಯಿತು.

"ಚೆನ್ನಾಗಿ ಮಾಡಿದೀರಿ" ಅಂದರು. "ಯಾರಿಗಾದರೂ ಉಪಯೋಗಕ್ಕೆ ಬರುತ್ತೆ, ಕೊಡಿ."

"ನಿನಗೇ ಮಾಡಿರೋದಲ್ಲಣ್ಣ?"

"ನನಗೆ ಎಲ್ಲಿಗೆ ಹೋಗೋದಿದೆ?"

ಗೆಳೆಯರು ಬಹಳ ಹೊತ್ತು ಹೇಳಿನೋಡಿದರು. ನಾನೂ ಹೇಳಿದೆ, ಅವರ ಮುಂದೆಯೇ ಕೈ ಮುಗಿದು ಹೇಳಿದೆ. ಇವರು ಕೋಪಿಸಿಕೊಳ್ಳಲಿಲ್ಲ, ಬೇಸರಿಸಲೂ ಇಲ್ಲ. ಆಯಿತು, ನೋಡೋಣ, ಎಂದು ಮಗುವನ್ನು ಸಮಾಧಾನ ಮಾಡುವ ಹಾಗೆ ನಮ್ಮನ್ನೆಲ್ಲ ಸಮಾಧಾನ ಮಾಡಿದರು. ನಾನು ಕಾಫಿ ಮಾಡಿ ಕೊಟ್ಟೆ. ಕುಡಿದು, ಕೀ ಕಿಟಕಿಯ ಮೇಲಿಟ್ಟು ಹೋದರು. ಸ್ಕೂಟರ್ ಗೌಡರ ಹೊಸ ಸಾಲು ಕೋಣೆಗಳ ಗೋಡೆಯ ಪಕ್ಕ ನಿಂತು ಮಳೆಗಾಲ ಕಳೆಯಿತು. ದೀಪಾವಳಿ ಹೊತ್ತಿಗೆ ಆ ಗೆಳೆಯರೇ ಬಂದು, ಪೋಲಿಯೋ ಆದ ಒಬ್ಬ ಹುಡುಗ ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ, ಅವನಿಗೆ ಕೊಡಬಹುದೇ ಎಂದು ಸಂಕೋಚದಿಂದ ಕೇಳಿದರು. ಕೀ ತಂದು ಕೊಟ್ಟೆ. ಇವರು ಒಳಗೆ ರೇಡಿಯೋ ಕೇಳುತ್ತಿದ್ದರು. ಸ್ಕೂಟರ್ ಒದ್ದು ಹೊರಟ ಸದ್ದಿಗೆ ರೇಡಿಯೋದ ದನಿಯನ್ನು ಸ್ವಲ್ಪ ಜೋರು ಮಾಡಿದರು.